ನಾಲ್ಕು ತಾಲೂಕಿನ ಮಣ್ಣು ಹೊತ್ತು ಹಾಲೆಂಡಿಗೆ

ಹುಬ್ಬಳ್ಳಿ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಮನೆದೇವರ ಫೋಟೊ ಒಯ್ಯುತ್ತಾರೆ. ನಾನು ಮಣ್ಣು ಒಯ್ದೆ. ಹಾನಗಲ್ಲಿನ ಭತ್ತದ ಗದ್ದೆಯದು, ಶಿಗ್ಗಾಂವಿಯ ಗೋವಿನಜೋಳದ ಹೊಲದ್ದು, ಸವಣೂರಿನ ಎಲೆಬಳ್ಳಿ ತೋಟದ್ದು, ಮತ್ತೆ ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ, ಮದಗದ ಕೆರೆಯ ಕೆಳಗಿರುವ ನಮ್ಮ ಅಕ್ಕನ ಗದ್ದೆಯದು. ನಾಲ್ಕನ್ನೂ ಸಣ್ಣ ಕೊಳವೆಗಳಲ್ಲಿ ತುಂಬಿ, ಮೊಹರು ಹಾಕಿಸಿ, ಎರಡೂ ಸರಕಾರಗಳ ಅಪ್ಪಣೆ ಪಡೆದು, ಥರ್ಮಾಕೋಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅದೇ ಮಣ್ಣುಗಳಿಂದ ಧಾರವಾಡದ ಪ್ರಯೋಗಾಲಯದಲ್ಲಿ ನಾನು ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾಗಳೂ ಜೊತೆಗಿದ್ದವು.

ನನ್ನ ಪಿಎಚ್‌ಡಿ ಯಾವುದರ ಮೇಲೆ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೆ: ಒಂದು ಚಿಟಿಕೆ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ, ಮತ್ತು ಅವುಗಳಲ್ಲಿ ಬಹಳಷ್ಟಕ್ಕೆ ಒಂಟಿಯಾಗಿ ಸಂಸಾರ ಮಾಡಲು ಬರುವುದಿಲ್ಲ. ಒಂದು ಉಂಡು ಬಿಟ್ಟದ್ದು ಇನ್ನೊಂದರ ಊಟ. ಇದು ವಿಟಮಿನ್ ಮಾಡಿ ಹೊರಹಾಕುತ್ತದೆ, ಅದು ಎತ್ತಿಕೊಳ್ಳುತ್ತದೆ. ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ ಎಂದು ಪತ್ತೆಹಚ್ಚುವುದೇ ನನ್ನ ಕೆಲಸ. ಇದನ್ನು ಕೇಳಿ ಅಕ್ಕ ಸುಮಂಗಲಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

"ಅಯ್ಯ ಶಿವನ, ಇದಕ್ಕ ಇಷ್ಟು ವರ್ಷ ಓದಬೇಕಾ? ನಮ್ಮ ಓಣ್ಯಾಗ ಯಾರ್ ಮನ್ಯಾಗ ಯಾರು ಉಣ್ತಾರ ಅನ್ನೂದನ್ನ ನಾ ಕುಂತಲ್ಲೇ ಹೇಳ್ತೇನಿ, ಬರಕೋ."

ನನ್ನ ಮಗಳು ಪಾರು ಆಗ ಮೂರು ತುಂಬದ ಕೂಸು. ನಮ್ಮನೆಯವರದು ಶಿಗ್ಗಾಂವಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಬಿತ್ತಿಗೆಯ ಕಾಲಕ್ಕೆ ಊಟಕ್ಕೂ ಪುರಸೊತ್ತಿಲ್ಲದ ಮನುಷ್ಯ, ಕೂಸನ್ನು ಹೇಗೆ ನೋಡಿಕೊಂಡಾರು? ಹೀಗಾಗಿ ನಾಲ್ಕು ತಿಂಗಳ ಮಟ್ಟಿಗೆ ಪಾರುವನ್ನು ಮಾಸೂರಿನಲ್ಲಿ ಅಕ್ಕನ ಮನೆಯಲ್ಲಿ ಬಿಡುವುದೆಂದು ಗೊತ್ತುಮಾಡಿದೆವು. ಅಕ್ಕ ನನಗಿಂತ ಎಷ್ಟೋ ದೊಡ್ಡವಳು. ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳೂ ಅವಳೇ. ಅವಳ ಕೈಯಲ್ಲಿ ಕೂಸಿಗೆ ಒಂದು ತುತ್ತೂ ಕಡಿಮೆಯಾಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆದರಿಕೆ ಬೇರೆಯೇ ಇತ್ತು. ಈ ವಯಸ್ಸಿನ ಕೂಸಿಗೆ ತಾಯಿಯ ಮುಖ ಎಷ್ಟು ದಿನ ನೆನಪಿರುತ್ತದೆ?

ಹುಬ್ಬಳ್ಳಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಪಾರು ನನ್ನ ತೋಳು ಹಿಡಿದುಕೊಂಡು "ನಾಳಿ ಬರ್ತೀ?" ಎಂದಳು. ಅವಳಿಗೆ ಇವತ್ತು ಅಲ್ಲದ ದಿನಗಳೆಲ್ಲ ನಾಳೆಯೇ.

"ಬರ್ತೇನವಾ," ಎಂದೆ.

"ನಡಿ ನಡಿ, ಹೊಳ್ಳಿ ನೋಡಬ್ಯಾಡ," ಎಂದು ಅಕ್ಕ ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನು ಹೊಳ್ಳಿ ನೋಡಿದೆ. ಪಾರು ಅಕ್ಕನ ಕೊರಳಿನ ಸರದ ಜೊತೆ ಆಡುತ್ತಿದ್ದಳು, ನನ್ನ ಕಡೆಗೆ ಅವಳ ಲಕ್ಷ್ಯವೇ ಇರಲಿಲ್ಲ. ಅದನ್ನು ನೋಡಿ ಸಮಾಧಾನಪಡಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಮಾಡುತ್ತ ಒಳಗೆ ನಡೆದೆ.

ಆಮ್‌ಸ್ಟರ್‌ಡ್ಯಾಮ್

ಮಣ್ಣನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು. ಕಸ್ಟಮ್ಸ್‌ನಲ್ಲಿ ನಿಂತಿದ್ದವಳು ಬಾಗಿಲಿನಷ್ಟು ಎತ್ತರದ ಹೆಂಗಸು. ಥರ್ಮಾಕೋಲಿನ ಡಬ್ಬಿ ನೋಡಿದಳು, ಕಾಗದ ನೋಡಿದಳು, ಮೊಹರು ನೋಡಿದಳು, "ಸರಿ" ಎಂದು ಬದಿಗೆ ಸರಿಸಿದಳು. ಇಷ್ಟೇನಾ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಸೂಟ್‌ಕೇಸಿನೊಳಗಿನ ಸ್ಟೀಲ್ ಡಬ್ಬಿ ಅವಳ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಅಕ್ಕ ಕುಟ್ಟಿ ಕಟ್ಟಿಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿ. ಕಪ್ಪಗೆ, ಪುಡಿಪುಡಿಯಾಗಿ, ದೇವರಾಣೆಗೂ ಎರೆಮಣ್ಣಿನ ಹಾಗೇ ಇತ್ತು.

"ಇದರ ಹೆಸರು ಕಾಗದದಲ್ಲಿಲ್ಲ. ಇದು ಯಾವ ಊರಿನ ಮಣ್ಣು?" ಎಂದಳು.

"ಇದು ಮಣ್ಣಲ್ಲ, ಊಟ," ಎಂದೆ. ಅವಳ ಹುಬ್ಬು ಇಳಿಯಲಿಲ್ಲ. ನಂಬಿಸುವುದಾದರೂ ಹೇಗೆ? ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ನಾಲ್ಕು ಬಗೆಯ ಮಣ್ಣು ಹೊತ್ತು ಬಂದ ಹೆಂಗಸು ಐದನೆಯದನ್ನು ತನ್ನೆದುರೇ ತಿನ್ನುವುದನ್ನು ಕಂಡು ಆಕೆ ಹಿಂದಕ್ಕೆ ಸರಿದಳು. ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಅವನು ಬಂದು ಮೂಸಿ, ಬೆಳ್ಳುಳ್ಳಿ ಮತ್ತು ಖಾರದ ಘಾಟಿಗೆ ಮೂರ್ನಾಲ್ಕು ಸಲ ಸೀನಿದ ಮೇಲೆ ಡಬ್ಬಿ ನನಗೆ ವಾಪಸು ಸಿಕ್ಕಿತು. ಆ ಸೀನೇ ನನಗೆ ಆ ದೇಶದ ಸ್ವಾಗತ.

ಅನ್ನೆಕೆಯ ಮನೆ

ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಹೋದರೆ ಒಂದು ಸಣ್ಣ ಊರು. ಅಲ್ಲಿನ ವಿಶ್ವವಿದ್ಯಾಲಯದ ಮಣ್ಣಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ. ವಾಸಕ್ಕೆ ಅನ್ನೆಕೆ ಎಂಬ ನಿವೃತ್ತ ಶಾಲಾ ಶಿಕ್ಷಕಿಯ ಮನೆಯ ಮಾಳಿಗೆಯ ಕೋಣೆ. ಅವಳ ಮನೆಯ ಕಿಟಕಿಗೆ ಪರದೆ ಇತ್ತು, ಎಳೆಯುವ ಪದ್ಧತಿ ಮಾತ್ರ ಇರಲಿಲ್ಲ. ಓಣಿಯ ಎಲ್ಲ ಮನೆಗಳೂ ಹಾಗೆಯೇ. ಸಂಜೆ ದೀಪ ಹಚ್ಚಿಕೊಂಡು ಕುಳಿತರೆ ಯಾರು ಏನು ಉಣ್ಣುತ್ತಿದ್ದಾರೆ ಎಂದು ರಸ್ತೆಯಿಂದಲೇ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಮ್ಮ ಕಡೆ ಬಾಗಿಲು ಹಾಕಿಕೊಂಡು ಉಂಡರೂ ಓಣಿಗೆಲ್ಲ ಗೊತ್ತಾಗುತ್ತದೆ.

ಮೊದಲ ದಿನ ಕಾಫಿ ಕೊಟ್ಟಳು. ಬಿಸ್ಕೀಟಿನ ಡಬ್ಬಿ ತೆರೆದಳು. ನಾನು ಒಂದು ತೆಗೆದುಕೊಂಡೆ. ಟಪ್ಪೆಂದು ಡಬ್ಬಿ ಮುಚ್ಚಿ ಕಪಾಟಿನಲ್ಲಿ ಇಟ್ಟುಬಿಟ್ಟಳು! ನಮ್ಮಲ್ಲಿ ಹೀಗೆ ಮಾಡಿದ ಮನೆಗೆ ಹೆಣ್ಣು ಕೊಡುವುದಿಲ್ಲ. ನಾನು ವಾರಗಟ್ಟಲೆ ಸಿಟ್ಟು ಇಟ್ಟುಕೊಂಡಿದ್ದು ಒಂದು ದಿನ ಹೇಳಿಯೇ ಬಿಟ್ಟೆ. ಅನ್ನೆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇನ್ನೊಂದು ಬೇಕಿದ್ದರೆ ಕೇಳಬೇಕಿತ್ತಲ್ಲ?"

"ನಮ್ಮಲ್ಲಿ ಕೇಳಿ ತಿನ್ನುವುದಿಲ್ಲ. ಬೇಡ ಎಂದರೂ ಬಡಿಸಬೇಕು. ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸಬೇಕು."

"ಮತ್ತೆ ನಿಜವಾಗಿಯೂ ಬೇಡವಾಗಿದ್ದರೆ?"

"ಊಟಕ್ಕೆ ಹೋಗಬಾರದು," ಎಂದೆ. ಅವತ್ತಿನಿಂದ ಡಬ್ಬಿ ಮೇಜಿನ ಮೇಲೆಯೇ ತೆರೆದಿರತೊಡಗಿತು.

ಆ ಊರಿನಲ್ಲಿ ಕಾಲು ಇದ್ದವರೆಲ್ಲ ಸೈಕಲ್ ಹೊಡೆಯುತ್ತಾರೆ. ಅನ್ನೆಕೆ ತನ್ನ ಹಳೆಯ ಸೈಕಲ್ಲನ್ನು ನನಗೆ ಕೊಟ್ಟಳು. ಅದಕ್ಕೆ ಕೈಯಲ್ಲಿ ಬ್ರೇಕೇ ಇರಲಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ಮಾಸೂರಿನಲ್ಲಿ ಕೆರೆ ಏರಿಯ ಮೇಲೆ ಸೈಕಲ್ ಕಲಿತವಳಿಗೆ ಇಳಿಜಾರಿನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸುತ್ತ ಹೋಗುವುದು ಚಟ. ಕಾಲುವೆಯ ದಂಡೆಯಲ್ಲಿ ಹಾಗೇ ತಿರುಗಿಸಿದೆ. ಸೈಕಲ್ ಅಲ್ಲೇ ನಿಂತಿತು, ನಾನು ಮುಂದಕ್ಕೆ ಹೋದೆ. ದಂಡೆಯ ಮೇಲಿದ್ದ ಬಾತುಕೋಳಿಗಳು ಮಾತ್ರ ನನ್ನನ್ನು ನೋಡಿದವು, ಮಂದಿ ಯಥಾಪ್ರಕಾರ ನೋಡಲಿಲ್ಲ.

ಅನ್ನೆಕೆಯ ಸಂಡಾಸದ ಗೋಡೆಗೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅದರಲ್ಲಿ ವಾರಗಳಿರಲಿಲ್ಲ, ಬರೀ ತಾರೀಖು, ಮತ್ತು ತಾರೀಖಿನ ಮುಂದೆ ಹೆಸರು. ಬಂಧುಬಳಗದವರ ಹುಟ್ಟಿದ ದಿನಗಳು. ಪ್ರತಿದಿನ ಕಣ್ಣಿಗೆ ಬೀಳುವ ಜಾಗ ಎಂದು ಅಲ್ಲಿ ತೂಗುಹಾಕುವುದಂತೆ. ಪಾರು ಹುಟ್ಟಿದ ದಿನ ಯಾವುದು ಎಂದು ಕೇಳಿ ಅದರಲ್ಲಿ ಬರೆದುಬಿಟ್ಟಳು. ನನ್ನ ಮಗಳ ಹೆಸರು ಸಂಡಾಸದಲ್ಲಿ! ಪಾರ್ವತಿ ಎಂದು ಸಾಕ್ಷಾತ್ ದೇವಿಯ ಹೆಸರು ಬೇರೆ. ಹೇಳಬೇಕೆಂದುಕೊಂಡೆ, ಆದರೆ ಅವಳು ತನ್ನ ಮೊಮ್ಮಕ್ಕಳ ಸಾಲಿನಲ್ಲಿ, ಅದೇ ಅಕ್ಷರದಲ್ಲಿ, ಅಷ್ಟೇ ಪ್ರೀತಿಯಿಂದ ಬರೆದಿದ್ದಳು.

ಖಾಲಿ ತಟ್ಟೆಗಳು

ನನ್ನ ಮಧ್ಯಾಹ್ನದ ಊಟದ ಹೊತ್ತು ಮಾಸೂರಿನ ಸಂಜೆ. ಅಕ್ಕ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟು ರೊಟ್ಟಿ ಬಡಿಯುತ್ತಿದ್ದಳು. ಪಾರು ರೊಟ್ಟಿ ಮುರಿದು ಫೋನಿಗೆ ಒತ್ತಿ "ಆ ಅನ್ನು" ಎನ್ನುತ್ತಿದ್ದಳು. ನಾನು ಕ್ಯಾಂಟೀನಿನಲ್ಲಿ ಎಲ್ಲರೆದುರಿಗೆ ಬಾಯಿ ತೆರೆದು ಅಗಿಯುವ ನಟನೆ ಮಾಡುತ್ತಿದ್ದೆ. ಎದುರಿಗೆ ಕುಳಿತ ಯಾಪ್ ತಣ್ಣನೆಯ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನುತ್ತ ಇದನ್ನೆಲ್ಲ ಗಂಭೀರವಾಗಿ ನೋಡುತ್ತಿದ್ದ. ಯಾಪ್ ಅಲ್ಲಿನ ನನ್ನ ಮಾರ್ಗದರ್ಶಿ. ಬೋಳುತಲೆಯ, ಉದ್ದ ಕಾಲಿನ, ಸುಳ್ಳು ಹೇಳಲು ಬಾರದ ಮನುಷ್ಯ. ಫೋನ್ ಇಡುವ ಮೊದಲು ಪಾರು ಪ್ರತಿದಿನ ಕೇಳುತ್ತಿದ್ದಳು, "ನಾಳಿ ಬರ್ತೀ?"

ನನ್ನ ಕೆಲಸದ ಮುಖ್ಯ ಪಾತ್ರಧಾರಿ ಅಕ್ಕನ ಗದ್ದೆಯ ಮಣ್ಣಿನಿಂದ ಬಂದ ಒಂದು ಹಳದಿ ಬ್ಯಾಕ್ಟೀರಿಯಾ. ಕಾಗದದಲ್ಲಿ ಅದಕ್ಕೊಂದು ನಂಬರು, ನನ್ನ ಬಾಯಲ್ಲಿ ಅದು ಅರಿಷಿಣಿ. ಧಾರವಾಡದಲ್ಲಿ ಬೆಳೆಸುವಾಗ ಅದರ ಪಕ್ಕದಲ್ಲಿ ಯಾವಾಗಲೂ ಇನ್ನೊಂದು ಬೆಳ್ಳಗೆ, ಲೋಳೆಲೋಳೆಯಾಗಿ ಹರಡಿಕೊಳ್ಳುತ್ತಿತ್ತು. ಅದನ್ನು ಗಂಜಿ ಎಂದು ಕರೆಯುತ್ತಿದ್ದೆ. ನಮ್ಮ ಶಾಸ್ತ್ರದಲ್ಲಿ ಒಂದು ಮಡಿ ಇದೆ: ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಒಂದೇ ಜಾತಿಯದು ಇರಬೇಕು, ಎರಡನೆಯದು ಕಂಡರೆ ಅದು ಕೊಳೆ. ಪರದೇಶದವರ ಮುಂದೆ ಮಾನ ಹೋಗಬಾರದೆಂದು, ಬೀಗರ ಮನೆಗೆ ಹೊರಟ ಕೂಸಿನ ಮೂಗು ಒರೆಸಿದ ಹಾಗೆ, ಹೊರಡುವ ಮೊದಲು ನಾನು ಅರಿಷಿಣಿಯನ್ನು ತಟ್ಟೆಯಿಂದ ತಟ್ಟೆಗೆ ಗೀರಿ ಗೀರಿ ಗಂಜಿಯ ಸುಳಿವೂ ಇಲ್ಲದಂತೆ ಮಾಡಿದ್ದೆ. ಕೊನೆಯ ತಟ್ಟೆಯಲ್ಲಿ ಅದು ಸ್ವಲ್ಪ ಮಂಕಾಗಿಯೇ ಎದ್ದಿತ್ತು. ಪ್ರಯಾಣದ ಗಡಿಬಿಡಿಯಲ್ಲಿ ಇರಲಿ ಬಿಡು ಎಂದು ಅದನ್ನೇ ಮಂಜುಗಡ್ಡೆಯಲ್ಲಿಟ್ಟು ತಂದಿದ್ದೆ.

ಹಾಲೆಂಡಿನಲ್ಲಿ ಅರಿಷಿಣಿ ಏಳಲೇ ಇಲ್ಲ. ತಟ್ಟೆಯ ಮೇಲೆ ತಟ್ಟೆ ಹಾಕಿದೆ. ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲವೂ ತೊಳೆದಿಟ್ಟಂತೆ ಖಾಲಿ. ನೀರಿನ ಮೇಲೆ ತಪ್ಪು ಹೊರಿಸಿದೆ, ಉಪ್ಪಿನ ಮೇಲೆ ಹೊರಿಸಿದೆ, ಆ ದೇಶದ ಚಳಿಯ ಮೇಲೆ ಹೊರಿಸಿದೆ. ಬಿಸಿ ಹೆಚ್ಚಿಸಿದೆ, ಬಗೆಬಗೆಯ ಆಹಾರ ಕೊಟ್ಟೆ. ಕೂಸು ಊಟ ಬಿಟ್ಟರೆ ತಾಯಿ ಮಾಡುವುದೆಲ್ಲ ಮಾಡಿದೆ.

ಯಾಪ್ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು "ನಿನ್ನ ಬ್ಯಾಕ್ಟೀರಿಯಾ ಸತ್ತಿದೆ" ಎಂದ. ಅಷ್ಟೆ. ನಮ್ಮ ಕಡೆ ಎಮ್ಮೆ ಸತ್ತರೂ ಮೊದಲು ಕೂಡಿಸಿ, ನೀರು ಕುಡಿಸಿ, ಆಮೇಲೆ ಸುದ್ದಿ ಹೇಳುತ್ತಾರೆ. ಅವತ್ತು ನಾನು ಅವನ ಮೇಲೆ ಎಷ್ಟು ಉರಿದೆದ್ದೆನೆಂದರೆ ಸಂಜೆ ಸೈಕಲ್ಲನ್ನು ಒಮ್ಮೆಯೂ ಬೀಳಿಸದೆ ಮನೆ ಮುಟ್ಟಿದೆ.

ಬೇರೆ ದಾರಿ ಕಾಣದೆ ಮೊಹರಿನ ಕೊಳವೆ ಒಡೆದು ಅಕ್ಕನ ಗದ್ದೆಯ ಮಣ್ಣಿನಿಂದಲೇ ಮತ್ತೆ ಶುರುಮಾಡಿದೆ. ಅದೇ ತಟ್ಟೆಗಳು, ಅದೇ ನೀರು, ಅದೇ ಉಪ್ಪು. ಕೆಲವು ದಿನಗಳ ಮೇಲೆ ಗಂಜಿ ಎದ್ದಿತು. ಅದರ ಅಂಚಿಗೆ ಹತ್ತಿಕೊಂಡು, ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು. ಗಂಜಿಗೆ ಹತ್ತಿರ ಇದ್ದವು ದಪ್ಪ, ದೂರ ಹೋದಂತೆ ಸಣ್ಣ, ಇನ್ನೂ ದೂರದಲ್ಲಿ ಏನೂ ಇಲ್ಲ. ನಾನು ಕೊಳೆ ಎಂದು ಉಜ್ಜಿ ತೆಗೆದದ್ದೇ ಅದರ ಅನ್ನದಾತ. ಹಿಂದಿನ ತಟ್ಟೆಯಲ್ಲಿ ಕಟ್ಟಿಕೊಂಡಿದ್ದ ಬುತ್ತಿಯ ಮೇಲೆ ಅರಿಷಿಣಿ ಧಾರವಾಡದ ಆ ಕೊನೆಯ ತಟ್ಟೆಯವರೆಗೂ ಬಂದಿತ್ತು. ಬುತ್ತಿ ತೀರಿದ ಮೇಲೆ ಏನು ಮಾಡೀತು ಪಾಪ.

ಯಾಪ್ ಬಹಳ ಹೊತ್ತು ನೋಡಿದ. "ಕೆಟ್ಟದ್ದೇನಲ್ಲ," ಎಂದ. ಅದು ಆ ದೇಶದಲ್ಲಿ ಹಾರ, ಶಾಲು ಹೊದಿಸಿದ ಹಾಗೆ ಎಂದು ಆಮೇಲೆ ಅನ್ನೆಕೆ ಹೇಳಿದಳು. "ಇವೆರಡರ ನಡುವೆ ಏನು ಕೈ ಬದಲಾಗುತ್ತಿದೆ ಎಂದು ಅಳೆದು ತೋರಿಸಿದರೆ ನಿನ್ನ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕ ಹಾಗೆ. ಆದರೆ ಅದನ್ನು ಅಳೆಯುವ ಯಂತ್ರದ ಸರದಿ ಈಗ ಸಿಗುವುದಿಲ್ಲ. ಇನ್ನೂ ನಾಲ್ಕು ತಿಂಗಳು ಇರಬೇಕಾಗುತ್ತದೆ. ಯೋಚಿಸಿ ಹೇಳು."

ಯೋಚಿಸುವುದೇನು! ವಾಪಸು ಹೋಗುವ ಟಿಕೆಟ್ ಕೈಯಲ್ಲಿತ್ತು. ಹೋದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಧಾರವಾಡದಲ್ಲಿ ಅಂಥ ಯಂತ್ರವಿಲ್ಲ. ಇದ್ದರೆ ಪಾರು? ನಮ್ಮನೆಯವರಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಯಾರೋ ಗೋವಿನಜೋಳದ ಬೀಜಕ್ಕೆ ಚೌಕಾಸಿ ಮಾಡುತ್ತಿರುವುದು ಹಿಂದೆ ಕೇಳಿಸುತ್ತಿತ್ತು.

"ಮುಗಿಸ್ಕೊಂಡ ಬಾ," ಎಂದರು. "ಅರ್ಧಾ ಬಿಟ್ಟು ಬಂದ್ರ ಜೀವನಪೂರ್ತಿ ನನ್ನ ಬೈತೀ."

"ಕೂಸು ಮರೀತದ ರೀ."

"ನಾ ವಾರಕ್ಕೊಮ್ಮಿ ಮಾಸೂರಿಗೆ ಹೋಗ್ತೇನಿ, ನೆನಪು ಮಾಡ್ತೇನಿ. ಅಳಬ್ಯಾಡ. ಏ ತಮ್ಮಾ, ಆ ಚೀಲ ಅಲ್ಲಿಡೋ!" ಎಂದರು. ಕೊನೆಯದು ನನಗೆ ಹೇಳಿದ್ದಲ್ಲ.

ಅಕ್ಕ ಇನ್ನೂ ಗಟ್ಟಿ. "ನನ್ನ ಹತ್ರ ಅದಾಳ, ಹಾಳ ಬಾವ್ಯಾಗ ಬಿದ್ದಿಲ್ಲ. ನೀ ನಿನ್ನ ಹುಳಾ ನೋಡ್ಕೋ." ಅಕ್ಕನ ಪಾಲಿಗೆ ಬ್ಯಾಕ್ಟೀರಿಯಾಗಳೆಲ್ಲ ಹುಳಗಳೇ.

ಅವತ್ತು ಪಾರು ಎಂದಿನಂತೆ "ನಾಳಿ ಬರ್ತೀ?" ಎಂದಾಗ, ಯಾಕೋ ಬರ್ತೇನಿ ಎನ್ನಲು ಬಾಯಿ ಬರಲಿಲ್ಲ. "ನಾಳಿ ಇಲ್ಲವಾ. ಇನ್ನಾ ಭಾಳ ದಿವಸ ಆಕ್ಕೇತಿ," ಎಂದೆ. ಅವಳು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನೋಡಿದಳು. "ಹೂಂ," ಎಂದು ಅದನ್ನು ತಾನೇ ತಿಂದಳು.

ಮಾರನೆಯ ದಿನ ಕೇಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಾತಾಡುತ್ತಿದ್ದಳು, ಕರುವಿನ ಸುದ್ದಿ ಹೇಳುತ್ತಿದ್ದಳು, ಹಾಡುತ್ತಿದ್ದಳು. ಬರ್ತೀಯಾ ಎಂದು ಮಾತ್ರ ಮತ್ತೆ ಕೇಳಲಿಲ್ಲ.

ಮಾದ್ಲಿ ಒಯ್ದ ದಿನ

ಪಾರುವಿಗೆ ಮೂರು ತುಂಬಿದ ದಿನ ನಾನು ಮಾಸೂರಿನಲ್ಲಿ ಇರಬೇಕಿತ್ತು. ಬೆಳಿಗ್ಗೆ ಮಾಳಿಗೆಯಿಂದ ಇಳಿದರೆ ಅನ್ನೆಕೆ ಮೆಟ್ಟಿಲ ಕೆಳಗೆ ನಿಂತಿದ್ದಳು. ಸಂಡಾಸದ ಕ್ಯಾಲೆಂಡರ್ ತನ್ನ ಕೆಲಸ ಮಾಡಿತ್ತು. ಕೈಕುಲುಕಿ, ಎಡಬಲ ಕೆನ್ನೆಗೆ ಮುತ್ತಿಟ್ಟು "ಮಗಳ ಹುಟ್ಟುಹಬ್ಬಕ್ಕೆ ನಿನಗೆ ಅಭಿನಂದನೆ" ಎಂದಳು.

"ಹುಟ್ಟಿದ್ದು ಅವಳು, ನನಗ್ಯಾಕೆ?"

"ಹೆತ್ತದ್ದು ಯಾರು?" ಎಂದಳು.

ಅಲ್ಲಿನ ಪದ್ಧತಿಯೇ ಹಾಗೆ. ಒಬ್ಬರು ಹುಟ್ಟಿದ ದಿನ ಅವರ ಅವ್ವನಿಗೆ, ಅಪ್ಪನಿಗೆ, ಅಕ್ಕತಂಗಿಯರಿಗೆ, ಎಲ್ಲರಿಗೂ ಅಭಿನಂದನೆ ಹೇಳುತ್ತಾರೆ. ಸಿಹಿಯನ್ನು ಮಾತ್ರ ನಾವೇ ಹಂಚಬೇಕು, ಬೇರೆಯವರು ತರುವುದಿಲ್ಲ. ನನಗೆ ಕೇಕು ಮಾಡಲು ಬಾರದು. ಗೋದಿಯ ರೊಟ್ಟಿ ಸುಟ್ಟು, ಮುರಿದು ಪುಡಿಮಾಡಿ, ಬೆಲ್ಲ ಸಿಗದೆ ಕಂದು ಸಕ್ಕರೆ ಹಾಕಿ, ಗಸಗಸೆ, ಏಲಕ್ಕಿ, ಕೊಬ್ಬರಿ ಬೆರೆಸಿ ಮಾದ್ಲಿ ಮಾಡಿಕೊಂಡು ಒಯ್ದೆ. ಹಾಲು ಹಾಕಿಕೊಂಡು ಉಣ್ಣಬೇಕು ಎಂದೆ. ಅವರಿಗೆ ಅದು ಬೆಳಗಿನ ತಿಂಡಿಯ ಹಾಗೆ ಕಂಡಿತು. ಹುಟ್ಟುಹಬ್ಬಕ್ಕೆ ಯಾಕೆ ಬೆಳಗಿನ ತಿಂಡಿ ಎಂದು ಕೇಳುವಷ್ಟು ಯಾಪ್ ಧೈರ್ಯವಂತ. ಆದರೂ ಎರಡು ಬಟ್ಟಲು ಉಂಡ. ಮೂರನೆಯದನ್ನು ನಾನು ಅವನು ಅಡ್ಡ ಹಿಡಿದ ಕೈಯ ಪಕ್ಕದಿಂದ ಬಡಿಸಿದೆ.

ಪ್ರಯೋಗಾಲಯದವರೆಲ್ಲ ಸಾಲಾಗಿ ಬಂದು ಕೈಕುಲುಕಿದರು. ಮಗಳಿಗಾಗಿ ಅಭಿನಂದನೆ, ಮಗಳಿಗಾಗಿ ಅಭಿನಂದನೆ. ಪಾರುವನ್ನು ಹೆತ್ತಾಗ ಹಾನಗಲ್ಲಿನ ಆಸ್ಪತ್ರೆಯಲ್ಲಿ ಎಲ್ಲರೂ ಕೂಸನ್ನು ನೋಡಿ ಹೋಗಿದ್ದರು, ನನಗೆ ಹೀಗೆ ಯಾರೂ ಹೇಳಿದ್ದು ನೆನಪಿಲ್ಲ. ಸಂತೋಷವೇ ಆಗಬೇಕಿತ್ತು. ಆದರೆ ಪ್ರತಿ ಕೈಯೂ ನೀನು ತಾಯಿ, ನೀನು ತಾಯಿ ಎಂದು ಹೇಳುತ್ತಿತ್ತು, ಮತ್ತು ಆ ಹೊತ್ತಿಗೆ ನನ್ನ ಮಗಳಿಗೆ ಬೇರೆ ಯಾರೋ ಎಣ್ಣೆ ಹಚ್ಚಿ ಎರೆದು, ಹೊಸ ಅಂಗಿ ಹಾಕಿ, ಆರತಿ ಮಾಡುತ್ತಿದ್ದರು. ನಾಲ್ಕನೆಯವರೋ ಐದನೆಯವರೋ ಕೈ ಹಿಡಿದಾಗ ನನಗೆ ಅಳು ತಡೆಯಲಾಗಲಿಲ್ಲ. ಯಾಪ್ ಒಂದು ಕುರ್ಚಿ ತಂದು ಕೂಡಿಸಿ, ನೀರು ಕೊಟ್ಟ. ಅವನೂ ಸ್ವಲ್ಪ ಕಲಿತಿದ್ದ.

ಒಂದು ಮಳೆ

ಹಾಲೆಂಡಿನಲ್ಲಿ ಮಳೆಗೆ ಬರುವುದೂ ಗೊತ್ತಿಲ್ಲ, ಹೋಗುವುದೂ ಗೊತ್ತಿಲ್ಲ. ಜಿನುಗುತ್ತಲೇ ಇರುತ್ತದೆ. ಅಷ್ಟು ಮಳೆ ಬಂದರೂ ಮಣ್ಣಿಗೆ ವಾಸನೆ ಇಲ್ಲ ಎಂಬುದು ನನ್ನ ದೂರು. ವಾಸನೆ ಮಾಡುವುದೂ ಮಣ್ಣಿನ ಬ್ಯಾಕ್ಟೀರಿಯಾಗಳೇ, ನನಗೆ ಗೊತ್ತು. ಆದರೆ ನೆಲ ಒಣಗದೆ ಆ ವಾಸನೆ ಅಷ್ಟು ಜೋರಾಗಿ ಏಳುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ವಾರಗಟ್ಟಲೆ ಬಿಸಿಲು ಬಿತ್ತು. ಮಂದಿ ಹಬ್ಬದ ಹಾಗೆ ಹುಲ್ಲಿನ ಮೇಲೆ ಮಲಗಿದರು. ಆಮೇಲೆ ಒಂದು ಸಂಜೆ, ಆಲೂಗಡ್ಡೆಯ ಹೊಲದ ಪಕ್ಕ ಸೈಕಲ್ಲಿನಲ್ಲಿ ಬರುತ್ತಿರುವಾಗ, ದಪ್ಪ ದಪ್ಪ ಹನಿ ಬಿದ್ದವು.

ವಾಸನೆ ಎದ್ದಿತು. ನಮ್ಮದೇ ವಾಸನೆ. ಹಾನಗಲ್ಲು ದಾಟಿ ಬಸ್ಸಿನ ಕಿಟಕಿಯಿಂದ ಬರುವುದು, ಮಾಸೂರಿನ ಗದ್ದೆಯ ಬದುವಿನ ಮೇಲೆ ಬರುವುದು, ಅದೇ. ಇಲ್ಲಿನ ಮಣ್ಣಿನಲ್ಲೂ ಅದೇ ಬಳಗ ಇದೆ, ಅದೇ ಅಡುಗೆ ಮಾಡುತ್ತದೆ ಎಂದು ನನ್ನ ಓದು ಹೇಳಿತು. ಓದನ್ನು ಯಾರು ಕೇಳಿದ್ದರು? ನಾನು ಸೈಕಲ್ ದಾರಿಯ ನಟ್ಟನಡುವೆ ನಿಂತುಬಿಟ್ಟೆ. ಹಿಂದಿನಿಂದ ಗಂಟೆ ಹೊಡೆಯುತ್ತ ಬಂದವರು ಬೈದುಕೊಂಡು ಬದಿಯಿಂದ ಹೋದರು. ಊರಿಗೆ ಹೋಗಬೇಕು, ಈಗಲೇ ಹೋಗಬೇಕು ಎಂದು ಗಟ್ಟಿಯಾಗಿ, ಕನ್ನಡದಲ್ಲಿ, ಆಲೂಗಡ್ಡೆಗಳಿಗೆ ಕೇಳುವಂತೆ ಹೇಳಿದೆ.

ಕೆಲಸ ಅಷ್ಟೊತ್ತಿಗೆ ಮುಗಿಯುತ್ತ ಬಂದಿತ್ತು. ಗಂಜಿ ಅರಿಷಿಣಿಗೆ ಕೊಡುವುದು ಒಂದು ವಿಟಮಿನ್. ತಾನು ಉಂಡು ಹೊರಹಾಕುವ ಹುಳಿ ಸುತ್ತಲೂ ತುಂಬಿಕೊಂಡರೆ ಗಂಜಿಗೇ ವಿಷ, ಅರಿಷಿಣಿ ಆ ಹುಳಿಯನ್ನು ತಿಂದು ಗಂಜಿಯನ್ನು ಉಳಿಸುತ್ತದೆ. ಯಂತ್ರ ಎರಡನ್ನೂ ಅಳೆದು ತೋರಿಸಿತು. ಯಾಪ್ ಈ ಸಲ "ಚೆನ್ನಾಗಿದೆ" ಎಂದ. ಅದನ್ನು ಕೇಳಿ ಪಕ್ಕದ ಕೋಣೆಯವರು ಎದ್ದು ಬಂದು ನೋಡಿದರು. ಹೊರಡುವ ದಿನ ಅನ್ನೆಕೆ ಆ ಬಿಸ್ಕೀಟಿನ ಡಬ್ಬಿಯನ್ನು ತುಂಬಿಸಿ ನನ್ನ ಚೀಲದಲ್ಲಿಟ್ಟಳು. ಬೇಡ ಎಂದೆ. "ಬೇಡ ಎಂದರೂ ಕೊಡಬೇಕು ಎಂದು ನೀನೇ ಹೇಳಿದ್ದೆ," ಎಂದಳು.

ಬಂಕಾಪುರ

ಹುಬ್ಬಳ್ಳಿಗೆ ನಮ್ಮನೆಯವರು ಪರಿಚಯದವರ ಕಾರು ತಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ "ಏನ್ ಹಿಂಗ ಬೆಳ್ಳಗಾಗೀಯಲ್ಲ, ಅಲ್ಲೇನು ಬಿಸಿಲ ಬೀಳೂದಿಲ್ಲೇನು?" ಎಂದರು. ಎಂಟು ತಿಂಗಳ ಮೇಲೆ ಹೆಂಡತಿಗೆ ಹೇಳಿದ ಮೊದಲ ಮಾತು. ನನಗೆ ಅದೇ ಸಾಕಾಗಿತ್ತು. ಪಾರು ಬಂದಿರಲಿಲ್ಲ. ಕಾರಿನಲ್ಲಿ ಕೂಡಿಸಿದರೆ ವಾಂತಿ ಮಾಡಿಕೊಳ್ಳುತ್ತಾಳೆ ಎಂದರು.

ಬಂಕಾಪುರದಲ್ಲಿ ಹೆದ್ದಾರಿ ಬಿಟ್ಟು ಚಹಾ, ಮಿರ್ಚಿಗೆ ನಿಲ್ಲಿಸಿದೆವು. ಕೋಟೆಯ ಕಡೆಯಿಂದ ನವಿಲು ಕೂಗುವುದು ಕೇಳಿಸಿತು. ಅಂಗಡಿಯವನು ನಾನು ಸಾಕು ಎನ್ನುವ ಮೊದಲೇ ಇನ್ನೆರಡು ಮಿರ್ಚಿ ಹಾಕಿ "ತಿನ್ರಿ ಅಕ್ಕಾರ, ಬಿಸಿ ಅದಾವ" ಎಂದ. ಎಂಟು ತಿಂಗಳಿನಿಂದ ಹಸಿದವಳಂತೆ ತಿಂದೆ. ನಮ್ಮನೆಯವರು ಮಾತ್ರ ಚಹಾದ ಗ್ಲಾಸು ಹಿಡಿದುಕೊಂಡೇ ಕುಳಿತಿದ್ದರು.

"ಒಂದ್ ಮಾತು," ಎಂದರು. "ಹೋದಕೂಡ್ಲೇ ಎತ್ಕೊಳ್ಳಾಕ ಹೋಗಬ್ಯಾಡ. ಸ್ವಲ್ಪ ದೂರ ಕುಂದ್ರು. ತಾನ ಬರ್ತಾಳ."

"ಯಾಕ್ರಿ? ನನ್ನ ಮರ್ತಾಳೇನು?"

"ಮರ್ತಿಲ್ಲ. ದಿನಾ ಫೋನಿನ್ಯಾಗ ನೋಡ್ತಾಳಲ್ಲ." ಅಷ್ಟು ಹೇಳಿ ಗ್ಲಾಸಿನೊಳಗೆ ನೋಡಿದರು. ಬೀಜದ ವ್ಯಾಪಾರದವರು, ಮೊಳೆಯುತ್ತದೋ ಇಲ್ಲವೋ ಎಂಬುದಕ್ಕೆ ಎಂದೂ ಗ್ಯಾರಂಟಿ ಕೊಡುವುದಿಲ್ಲ.

ಹಾನಗಲ್ಲು ದಾಟಿತು, ಹಿರೇಕೆರೂರು ದಾಟಿತು. ದಾರಿಯ ಬದಿಯಲ್ಲಿ ಗೋವಿನಜೋಳ ಆಳೆತ್ತರ ನಿಂತಿತ್ತು. ನಾನು ಏನನ್ನೂ ನೋಡಲಿಲ್ಲ. ಅವಳು ಮೊದಲು ಏನು ಹೇಳಬಹುದು, ನಾನು ಏನು ಹೇಳಬೇಕು ಎಂದು ಪರೀಕ್ಷೆಗೆ ಹೊರಟವಳ ಹಾಗೆ ಒಳಗೊಳಗೇ ಉರುಹೊಡೆಯುತ್ತಿದ್ದೆ.

ಮಾಸೂರು

ಸಂಜೆಯ ಹೊತ್ತು. ಅಕ್ಕ ಬಾಗಿಲಲ್ಲೇ ನೀರು ನಿವಾಳಿಸಿ ಚೆಲ್ಲಿ "ಬಾ ತಂಗಿ" ಎಂದಳು. ಅವಳ ಸೀರೆಯ ನೆರಿಗೆಯ ಹಿಂದಿನಿಂದ ಒಂದು ಮುಖ ಹಣಿಕಿತು. ಎತ್ತರವಾಗಿದ್ದಳು. ಮುಂದಿನ ಕೂದಲು ಹಣೆಯ ಮೇಲೆ ಬಂದಿತ್ತು. ಫೋನಿನಲ್ಲಿ ದಿನಾ ನೋಡಿದ್ದರೂ, ಅವಳ ಕಾಲುಗಳು ಇಷ್ಟು ಉದ್ದವಾಗಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಪಾರೂ," ಎಂದೆ. ಉರುಹೊಡೆದದ್ದೆಲ್ಲ ಮರೆತುಹೋಯಿತು.

"ಹೋಗವಾ, ನಿಮ್ಮವ್ವ ಬಂದಾಳ ನೋಡ," ಎಂದು ಅಕ್ಕ ಮುಂದಕ್ಕೆ ತಳ್ಳಿದಳು.

ಪಾರು ನನ್ನನ್ನು ನೋಡಿದಳು. ಸಿಟ್ಟಿಲ್ಲ, ಹೆದರಿಕೆಯಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರನ್ನು ಮಕ್ಕಳು ನೋಡುವ ಹಾಗೆ ನೋಡಿ, ತಲೆ ಅಲ್ಲಾಡಿಸಿದಳು.

"ಇವ್ರಲ್ಲ, ದೊಡ್ಡವ್ವ."

"ಹುಚ್ಚಿ, ಸರ್ಯಾಗಿ ನೋಡು."

"ಅಲ್ಲ. ನಮ್ಮವ್ವ ಫೋನಿನ್ಯಾಗ ಅದಾಳ." ಅಷ್ಟು ಹೇಳಿ ಅಡುಗೆಮನೆಗೆ ಓಡಿದಳು.

ಅಕ್ಕ ನನ್ನ ಕೈ ಹಿಡಿದುಕೊಂಡಳು. ಹೊಸ್ತಿಲ ಆಚೆಯ ಕಟ್ಟೆಯ ಮೇಲೆ ಕುಳಿತೆ. ನಮ್ಮನೆಯವರು ಸೂಟ್‌ಕೇಸ್ ಹಿಡಿದುಕೊಂಡು ಅಂಗಳದಲ್ಲೇ ನಿಂತರು. ನನಗೆ ಯಾರ ಸಮಾಧಾನವೂ ಬೇಕಿರಲಿಲ್ಲ, ಕೂಸು ಬೇಕಿತ್ತು. ಅಳಬಾರದು ಎಂದುಕೊಂಡೇ ಅತ್ತೆ.

ನನ್ನ ಚೀಲದಲ್ಲಿ ಫೋನ್ ರಿಂಗಾಯಿತು. ತೆಗೆದರೆ ಅಕ್ಕನ ನಂಬರು. ಪರದೆಯ ತುಂಬ ಪಾರುವಿನ ಮುಖ, ಹಿಂದೆ ಹಿಟ್ಟಿನ ಡಬ್ಬಿ. ಒತ್ತುವುದು ಹೇಗೆಂದು ಅವಳಿಗೆ ಯಾವಾಗಲೋ ಬಂದುಬಿಟ್ಟಿತ್ತು. ನನ್ನನ್ನು ಕಂಡ ಕೂಡಲೆ ಅವಳ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅವ್ವಾ," ಎಂದು ಗುಟ್ಟು ಹೇಳುವವಳ ಹಾಗೆ ದನಿ ಇಳಿಸಿದಳು. "ಮನಿಗೆ ಯಾರೋ ಬಂದಾರ."

"ಹೌದಾ? ಯಾರವಾ?"

"ಗೊತ್ತಿಲ್ಲ. ಹೊರಗ ಕುಂತಾರ. ಅಳಾಕತ್ತಾರ."

"ಯಾಕ ಅಳಾಕತ್ತಾರಂತ?"

ಅವಳು ಫೋನಿಗೆ ಇನ್ನೂ ಹತ್ತಿರ ಬಂದಳು. ಪರದೆಯಲ್ಲಿ ಬರೀ ಕಣ್ಣು, ಮೂಗು.

"ಅವ್ವಾ, ನೀ ಬಾ. ಲಗೂನ ಬಾ."

"ಬಂದೆ ತಡಿಯವಾ," ಎಂದು ಕಟ್ಟೆಯಿಂದ ಎದ್ದೆ. ಫೋನ್ ಇಡಲಿಲ್ಲ. ಅದನ್ನು ಮುಖದ ಮುಂದೆ ಹಿಡಿದುಕೊಂಡೇ ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಅಡುಗೆಮನೆಯ ಬಾಗಿಲಿಗೆ ಬಂದು, ಮೆಲ್ಲಗೆ ಕೆಳಗಿಳಿಸಿದೆ.